ಬ್ಯಾಟರಿ ಹೊಸದು, ಕಾರು ಮಾತ್ರ ಸ್ಟಾರ್ಟ್ ಆಗುತ್ತಿಲ್ಲ
ಓದುಗರ ಪ್ರಶ್ನೆ: ವಾಹನ ವಿಭಾಗ

ಪ್ರಶ್ನೆ: ನಮ್ಮದು ಸುಮಾರು ಹತ್ತು ವರ್ಷ ಹಳೆಯ ಪೆಟ್ರೋಲ್ ಕಾರು. ಬ್ಯಾಟರಿ ಕೈಕೊಟ್ಟಿದ್ದರಿಂದ ಹೊಸದನ್ನು ತಂದು ಮನೆಯಲ್ಲಿಯೇ ಕೂರಿಸಿದೆವು. ಹಾರ್ನ್ ಆಗುತ್ತದೆ, ಒಳಗಿನ ದೀಪಗಳೂ ಉರಿಯುತ್ತವೆ. ಆದರೆ ಕೀಲಿ ತಿರುಗಿಸಿದೊಡನೆ ಒಮ್ಮೆ ‘ಟಕ್’ ಎಂದು ಸದ್ದಾಗಿ ದೀಪಗಳೆಲ್ಲ ಮಂಕಾಗುತ್ತವೆ. ಸೆಲ್ಫ್ ತಿರುಗುವುದೇ ಇಲ್ಲ. ಸೆಲ್ಫ್ ಮೋಟರ್ ಬದಲಿಸಬೇಕೆಂದು ಪರಿಚಯದ ಮೆಕ್ಯಾನಿಕ್ ಹೇಳುತ್ತಿದ್ದಾರೆ. ಬದಲಿಸಲೇಬೇಕೆ?
– ಓದುಗರು, ತುಮಕೂರು

ಉತ್ತರ: ಬದಲಿಸಬೇಕಾಗಿ ಬರಬಹುದು, ಆದರೆ ಆ ನಿರ್ಧಾರಕ್ಕೆ ಇನ್ನೂ ಕಾಲ ಬಂದಿಲ್ಲ. ಬ್ಯಾಟರಿ ಬದಲಿಸಿದ ಬೆನ್ನಿಗೇ ಕಾಣಿಸಿಕೊಂಡ ತೊಂದರೆಗೆ ಕಾರಣವನ್ನು ಮೊದಲು ಹುಡುಕಬೇಕಾದದ್ದು ನಿಮ್ಮ ಕೈ ಮುಟ್ಟಿದ ಜಾಗದಲ್ಲಿ, ಅಂದರೆ ಬ್ಯಾಟರಿಯ ಎರಡು ಟರ್ಮಿನಲ್‌ಗಳಲ್ಲಿ ಮತ್ತು ಅವುಗಳನ್ನು ಹಿಡಿದಿರುವ ಕ್ಲಾಂಪ್‌ಗಳಲ್ಲಿ.

ಹಾರ್ನ್ ಆಗುತ್ತದೆ, ದೀಪ ಉರಿಯುತ್ತದೆ ಎಂಬುದರಿಂದ ಸಂಪರ್ಕ ಸರಿಯಾಗಿದೆ ಎಂದು ಹೇಳಲಾಗದು. ಅವು ಎಳೆದುಕೊಳ್ಳುವುದು ಕೆಲವೇ ಆಂಪಿಯರ್ ವಿದ್ಯುತ್ತನ್ನು; ಸೆಲ್ಫ್ ಮೋಟರ್ ಎಂಜಿನನ್ನು ತಿರುಗಿಸುವಾಗ ನೂರು, ಕೆಲವೊಮ್ಮೆ ಇನ್ನೂರು ಆಂಪಿಯರ್‌ಗಳವರೆಗೆ ಎಳೆಯುತ್ತದೆ. ಕ್ಲಾಂಪಿಗೂ ಟರ್ಮಿನಲ್‌ಗೂ ನಡುವೆ ಕೇವಲ 0.02 ಓಮ್‌ನಷ್ಟು ತಡೆ ಇದೆಯೆಂದುಕೊಳ್ಳಿ. ಐದು ಆಂಪಿಯರ್ ಹರಿಯುವಾಗ ಅಲ್ಲಿ ನಷ್ಟವಾಗುವುದು 0.1 ವೋಲ್ಟ್, ಅದು ಯಾರ ಗಮನಕ್ಕೂ ಬರುವುದಿಲ್ಲ. ಅದೇ ಜಾಗದಲ್ಲಿ 150 ಆಂಪಿಯರ್ ಹರಿಯಬೇಕಾದಾಗ 3 ವೋಲ್ಟ್ ಅಲ್ಲಿಯೇ ಇಂಗಿಹೋಗುತ್ತದೆ. ಮೋಟರಿಗೆ ಸಾಕಷ್ಟು ಬಲ ಸಿಗದೆ ನೀವು ಹೇಳಿದ ‘ಟಕ್’ ಸದ್ದಷ್ಟೇ ಉಳಿಯುತ್ತದೆ.

ಕೀಲಿಯನ್ನು ಆಫ್ ಮಾಡಿ ಎರಡೂ ಕ್ಲಾಂಪ್‌ಗಳನ್ನು ಒಂದೊಂದಾಗಿ ಕೈಯಿಂದ ತಿರುಚಿ ನೋಡಿ. ಕೂದಲೆಳೆಯಷ್ಟೂ ಅಲುಗಬಾರದು. ಟರ್ಮಿನಲ್ ಬುಡದಲ್ಲಿ ದಪ್ಪವಾಗಿ ಮೇಲಕ್ಕೆ ಹೋದಂತೆ ಸಪೂರವಾಗುವುದರಿಂದ ಕ್ಲಾಂಪ್ ಬುಡದವರೆಗೆ ಇಳಿದು ಕೂತಿರಬೇಕು. ಅನೇಕ ಸಲ ವರ್ಷಗಟ್ಟಲೆ ಬಿಗಿದು ಬಿಗಿದು ಹಿಗ್ಗಿದ ಹಳೆಯ ಕ್ಲಾಂಪಿನ ಎರಡು ಕಿವಿಗಳು ಒಂದಕ್ಕೊಂದು ತಾಗಿಬಿಟ್ಟಿರುತ್ತವೆ. ನಟ್ಟು ಗಟ್ಟಿಯಾಗಿದೆ ಎಂದು ಸ್ಪ್ಯಾನರ್ ಹೇಳುತ್ತದೆ, ಕ್ಲಾಂಪ್ ಮಾತ್ರ ಟರ್ಮಿನಲ್ಲಿನ ಸುತ್ತ ಸಲೀಸಾಗಿ ತಿರುಗುತ್ತಿರುತ್ತದೆ. ಬ್ಯಾಟರಿಗಳಲ್ಲಿ ಸಪೂರ ಟರ್ಮಿನಲ್ಲಿನವು, ದಪ್ಪ ಟರ್ಮಿನಲ್ಲಿನವು ಎಂದು ಎರಡು ಬಗೆಯಿವೆ. ದಪ್ಪಕ್ಕೆ ಹೊಂದಿಸಿದ ಕ್ಲಾಂಪಿಗೆ ಸಪೂರದ್ದನ್ನು ಕೊಟ್ಟಿದ್ದರೂ ಇದೇ ಫಲಿತಾಂಶ. ಇಂಥ ಕಡೆ ತಗಡಿನ ಚೂರನ್ನೋ ತಾಮ್ರದ ತಂತಿಯ ಎಳೆಗಳನ್ನೋ ತುರುಕಿ ಬಿಗಿಯುವ ರೂಢಿ ನಮ್ಮ ಗ್ಯಾರೇಜುಗಳಲ್ಲಿ ಧಾರಾಳವಾಗಿದೆ. ಅದು ಕೆಲವು ದಿನಗಳ ಉಪಾಯವಷ್ಟೇ. ಹೊಸ ಕ್ಲಾಂಪ್ ಹಾಕಿಸುವುದೇ ಸರಿ, ಅದಕ್ಕೆ ತಗಲುವ ಖರ್ಚು ಸೆಲ್ಫ್ ಮೋಟರಿನ ಮುಂದೆ ಲೆಕ್ಕಕ್ಕೇ ಬಾರದು.

ಕ್ಲಾಂಪನ್ನು ಬಿಚ್ಚಿ ಒಳಮೈ ನೋಡಲು ಮರೆಯಬೇಡಿ. ಹಳೆಯ ಬ್ಯಾಟರಿಯ ಆಮ್ಲದಿಂದ ಬಿಳಿ ಅಥವಾ ಹಸಿರು ಪುಡಿ ಕಟ್ಟಿಕೊಂಡಿದ್ದರೆ ಬಿಸಿನೀರಿಗೆ ಅಡಿಗೆ ಸೋಡಾ ಬೆರೆಸಿ ತೊಳೆದು, ಒಣಗಿಸಿ, ಲೋಹ ಹೊಳೆಯುವವರೆಗೆ ಮರಳು ಕಾಗದದಿಂದ ಉಜ್ಜಬೇಕು. ಹೊಸ ಬ್ಯಾಟರಿಯ ಟರ್ಮಿನಲ್ ಮೇಲಿನ ಪ್ಲಾಸ್ಟಿಕ್ ಟೋಪಿಯ ಚೂರು ಉಳಿದಿದೆಯೇ ಎಂದೂ ನೋಡಿ. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ. ಪೆಟ್ರೋಲಿಯಂ ಜೆಲ್ಲಿ ಸವರುವುದಾದರೆ ಬಿಗಿದ ಮೇಲೆ ಹೊರಗಡೆಗಷ್ಟೇ ಸವರಿ.

ಇಷ್ಟಕ್ಕೂ ಸರಿಹೋಗದಿದ್ದರೆ ಮಲ್ಟಿಮೀಟರ್ ತೆಗೆದುಕೊಳ್ಳಿ. ಕಾರು ನಿಂತಿರುವಾಗ ಪೂರ್ಣ ಚಾರ್ಜ್ ಆದ ಬ್ಯಾಟರಿ 12.6 ವೋಲ್ಟಿನ ಆಸುಪಾಸು ತೋರಿಸಬೇಕು. 12.4ಕ್ಕಿಂತ ಕಡಿಮೆ ಇದ್ದರೆ ಅದು ಅಂಗಡಿಯಲ್ಲಿ ಬಹುಕಾಲ ಕೂತು ಸೊರಗಿದ ಬ್ಯಾಟರಿ ಎಂದೇ ಅನುಮಾನಿಸಿ, ಮೊದಲು ಚಾರ್ಜ್ ಮಾಡಿಸಿ. ‘ಹೊಸದು’ ಎಂಬ ಮಾತಿಗೆ ಮರುಳಾಗಬೇಡಿ. ಅನಂತರ ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಇನ್ನೊಬ್ಬರಿಂದ ಕೀಲಿ ತಿರುಗಿಸಿ ಮೂರು ನಾಲ್ಕು ಸೆಕೆಂಡು ಹಿಡಿಸಿ. ಆ ಹೊತ್ತಿನಲ್ಲಿ ಮೀಟರಿನ ಎರಡು ಕಡ್ಡಿಗಳನ್ನು ಟರ್ಮಿನಲ್ಲಿನ ಸೀಸದ ಮೇಲೆಯೇ ಒತ್ತಿ ಒಮ್ಮೆ, ಕ್ಲಾಂಪ್‌ಗಳ ಮೇಲೆ ಒತ್ತಿ ಇನ್ನೊಮ್ಮೆ ಓದಿ. ಸೀಸದ ಮೇಲೆ 12ರ ಹತ್ತಿರವಿದ್ದು ಕ್ಲಾಂಪಿನ ಮೇಲೆ ಕುಸಿದರೆ ದೋಷ ಆ ಎರಡರ ನಡುವೆಯೇ ಇದೆ. ಸೀಸದ ಮೇಲೆಯೇ 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿ ಅಶಕ್ತವಾಗಿದೆ, ಇಲ್ಲವೇ ಮೋಟರ್ ಬಿಗಿದುಕೊಂಡು ಮಿತಿಮೀರಿ ಎಳೆಯುತ್ತಿದೆ.

ಎರಡೂ ಕಡೆ ವೋಲ್ಟೇಜ್ ಚೆನ್ನಾಗಿಯೇ ಇದ್ದು ಮೋಟರ್ ಮಾತ್ರ ಅಲುಗದಿದ್ದರೆ ಅರ್ತ್ ತಂತಿಯನ್ನು ಪರೀಕ್ಷಿಸಿ. ನೆಗೆಟಿವ್‌ನಿಂದ ಹೊರಟ ದಪ್ಪ ತಂತಿ ಬಾಡಿಗೂ ಗೇರ್‌ಬಾಕ್ಸಿಗೂ ಬೋಲ್ಟಿನಿಂದ ಬಿಗಿಯಲ್ಪಟ್ಟಿರುತ್ತದೆ. ಮಳೆನೀರು, ಕೆಸರು ಕುಡಿದು ಅಲ್ಲಿ ತುಕ್ಕು ಹಿಡಿಯುವುದು ಸಾಮಾನ್ಯ. ಬೂಸ್ಟರ್ ಕೇಬಲ್ಲಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೂ ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೂ ಕಚ್ಚಿಸಿ ಕೀಲಿ ತಿರುಗಿಸಿದಾಗ ಕಾರು ಸ್ಟಾರ್ಟ್ ಆದರೆ ಆ ಅರ್ತ್ ತಂತಿಯೇ ತಪ್ಪಿತಸ್ಥ. ಈ ಎಲ್ಲ ಪರೀಕ್ಷೆಗಳನ್ನೂ ದಾಟಿದ ಮೇಲೆ ಸೆಲ್ಫ್ ಮೋಟರನ್ನು ಬಿಚ್ಚಿಸಿ. ಆಗಲೂ ಇಡೀ ಮೋಟರ್ ಬದಲಿಸುವ ಮುನ್ನ ಅದರ ಸೊಲೆನಾಯ್ಡ್ (ಮೋಟರಿಗೆ ವಿದ್ಯುತ್ ಹಾಯಿಸುವ ಸ್ವಿಚ್ಚು) ಮತ್ತು ಕಾರ್ಬನ್ ಬ್ರಷ್‌ಗಳನ್ನು (ಒಳಗೆ ತಿರುಗುವ ಭಾಗಕ್ಕೆ ವಿದ್ಯುತ್ ಮುಟ್ಟಿಸುವ ತುಂಡುಗಳು) ಆಟೊ ಎಲೆಕ್ಟ್ರಿಷಿಯನ್ ಒಬ್ಬರಿಗೆ ತೋರಿಸಿ.

ಪ್ರಶ್ನೆ: ಬ್ಯಾಟರಿ ಬದಲಿಸಿದ ಮೇಲೆ ಕಾರು ಸ್ಟಾರ್ಟ್ ಆಗುತ್ತದೆ, ಆದರೆ ಆಕ್ಸಿಲರೇಟರಿನಿಂದ ಕಾಲು ತೆಗೆದೊಡನೆ ನಿಂತುಬಿಡುತ್ತದೆ. ಮೊದಲು ಹೀಗಿರಲಿಲ್ಲ.
– ಓದುಗರು, ಹುಬ್ಬಳ್ಳಿ

ಉತ್ತರ: ನಿಮ್ಮ ಕಾರಿನ ಥ್ರಾಟಲ್ ಬಾಡಿಯಲ್ಲಿ, ಅಂದರೆ ಎಂಜಿನ್ನಿಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಕವಾಟದ ಭಾಗದಲ್ಲಿ, ವರ್ಷಗಳಿಂದ ಮಸಿ ಕಟ್ಟಿರುವ ಸಾಧ್ಯತೆ ಹೆಚ್ಚು. ಮಸಿ ಕಟ್ಟಿದಂತೆಲ್ಲ ಗಾಳಿಯ ದಾರಿ ಕಿರಿದಾಗುತ್ತದೆ, ಅದನ್ನು ಸರಿತೂಗಿಸಲು ಎಂಜಿನ್ನಿನ ಕಂಪ್ಯೂಟರ್ ಐಡ್ಲಿಂಗ್ ವೇಳೆ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುತ್ತಿರುವಾಗ) ಥ್ರಾಟಲನ್ನು ಸ್ವಲ್ಪ ಸ್ವಲ್ಪವೇ ಹೆಚ್ಚು ತೆರೆಯುವುದನ್ನು ಕಲಿತುಕೊಂಡಿರುತ್ತದೆ. ಬ್ಯಾಟರಿ ಕಳಚಿದಾಗ ಅನೇಕ ಕಾರುಗಳಲ್ಲಿ ಈ ಕಲಿಕೆ ಅಳಿಸಿಹೋಗಿ, ಥ್ರಾಟಲ್ ಹೊಸ ಕಾರಿನ ಅಳತೆಯಲ್ಲಿ ತೆರೆಯತೊಡಗುತ್ತದೆ. ಆ ಗಾಳಿ ಸಾಲದೆ ಎಂಜಿನ್ ಉಸಿರುಗಟ್ಟಿ ನಿಲ್ಲುತ್ತದೆ. ಏಸಿ, ದೀಪ, ಸ್ಟೀರಿಯೊ ಎಲ್ಲವನ್ನೂ ಆರಿಸಿ ಸ್ಟಾರ್ಟ್ ಮಾಡಿ. ಅಗತ್ಯವಿದ್ದರೆ ಮೊದಮೊದಲು ಆಕ್ಸಿಲರೇಟರನ್ನು ಮೆಲ್ಲಗೆ ಒತ್ತಿ ಹಿಡಿದು, ಆಮೇಲೆ ಕಾಲು ತೆಗೆದು, ರೇಡಿಯೇಟರ್ ಫ್ಯಾನ್ ಒಮ್ಮೆ ತಿರುಗಿ ನಿಲ್ಲುವವರೆಗೆ ಗಾಳಿಯಾಡುವ ಬಯಲಿನಲ್ಲಿ ಎಂಜಿನ್ ತಾನಾಗಿಯೇ ಓಡಲಿ. ಅನಂತರ ಏಸಿ ಹಾಕಿ ಇನ್ನಷ್ಟು ಹೊತ್ತು ಬಿಡಿ. ಇದರಿಂದ ಸರಿಯಾಗದಿದ್ದರೆ ಥ್ರಾಟಲ್ ಬಾಡಿಯನ್ನು ಶುಚಿಗೊಳಿಸಿ, ಸರ್ವಿಸ್ ಕೇಂದ್ರದ ಸ್ಕ್ಯಾನರಿನಿಂದ ಮರುಕಲಿಕೆ ಮಾಡಿಸಬೇಕು. ಅಲ್ಲಿಯವರೆಗೆ ದಟ್ಟಣೆಯ ರಸ್ತೆಗೆ ಕಾರನ್ನು ಇಳಿಸಬೇಡಿ: ಓಡುತ್ತಿರುವಾಗ ಎಂಜಿನ್ ನಿಂತರೆ ಸ್ಟೀರಿಂಗ್ ಭಾರವಾಗುತ್ತದೆ, ಎರಡು ಮೂರು ಸಲ ಒತ್ತಿದ ಬಳಿಕ ಬ್ರೇಕ್ ಕೂಡ ಕಲ್ಲಿನಂತಾಗುತ್ತದೆ.

ಪ್ರಶ್ನೆ: ಹೊಸ ಬ್ಯಾಟರಿಯಿಂದ ಸೆಲ್ಫ್ ಜೋರಾಗಿಯೇ ತಿರುಗುತ್ತದೆ, ಎಂಜಿನ್ ಮಾತ್ರ ಹತ್ತುವುದಿಲ್ಲ. ಕೆಂಪು ದೀಪವೊಂದು ಮಿನುಗುತ್ತಿರುತ್ತದೆ. ರಿಮೋಟ್ ಲಾಕ್ ಹೊರಗಡೆ ಹಾಕಿಸಿದ್ದು.
– ಓದುಗರು, ಮೈಸೂರು

ಉತ್ತರ: ಹೊರಗಡೆ ಹಾಕಿಸುವ ಅಲಾರಂ ಘಟಕಗಳಲ್ಲಿ ಕೆಲವು, ವಿದ್ಯುತ್ ತಪ್ಪಿ ಮತ್ತೆ ಬಂದಾಗ ಕಳ್ಳನೇ ಬಂದನೆಂದು ತಿಳಿದು ಕಾವಲಿನ ಸ್ಥಿತಿಯಲ್ಲಿಯೇ ಎಚ್ಚರಗೊಂಡು ಎಂಜಿನ್ ಹತ್ತದಂತೆ ತಡೆಯುತ್ತವೆ. ರಿಮೋಟಿನಿಂದ ಒಮ್ಮೆ ಲಾಕ್ ಮಾಡಿ ಅನ್‌ಲಾಕ್ ಮಾಡಿ ನೋಡಿ. ರಿಮೋಟಿನ ಸಣ್ಣ ಸೆಲ್ಲೂ ಮುಗಿದಿರಬಹುದು. ಮಿನುಗುವ ದೀಪ ಡ್ಯಾಶ್‌ಬೋರ್ಡಿನಲ್ಲಿ ಕೀಲಿಯ ಅಥವಾ ಬೀಗದ ಚಿತ್ರವಾಗಿದ್ದರೆ ಅದು ಕಾರಿನೊಂದಿಗೇ ಬಂದ ಇಮ್ಮೊಬಿಲೈಸರ್, ಅಂದರೆ ಕೀಲಿಯೊಳಗಿನ ಚಿಪ್ಪನ್ನು ಗುರುತಿಸದೆ ಎಂಜಿನ್ ಹತ್ತಗೊಡದ ಕಾವಲು ವ್ಯವಸ್ಥೆ. ಆಗ ಮನೆಯಲ್ಲಿರುವ ಇನ್ನೊಂದು ಕೀಲಿಯನ್ನು ಗೊಂಚಲಿಗೆ ಸೇರಿಸದೆ ಒಂಟಿಯಾಗಿ ಬಳಸಿ ನೋಡಿ.

ಇವೆರಡರಿಂದಲೂ ಆಗದಿದ್ದರೆ ಕೀಲಿಯನ್ನು ಆನ್ ಸ್ಥಾನಕ್ಕಷ್ಟೇ ತಿರುಗಿಸಿ ಹಿಂದಿನ ಸೀಟಿನ ಕಡೆ ಕಿವಿಗೊಡಿ. ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪ್ ಬಹಳಷ್ಟು ಕಾರುಗಳಲ್ಲಿ ಒಂದೆರಡು ಸೆಕೆಂಡು ‘ಗುಂಯ್’ ಎನ್ನುತ್ತದೆ. ಆ ಸದ್ದಿಲ್ಲದಿದ್ದರೆ ಪಂಪಿನ ಫ್ಯೂಸ್ ಮತ್ತು ರಿಲೇಯನ್ನು (ಪಂಪಿಗೆ ವಿದ್ಯುತ್ ಹಾಯಿಸುವ ಸ್ವಿಚ್ಚು) ನೋಡಬೇಕು. ಬ್ಯಾಟರಿ ಕೂರಿಸುವಾಗ ಪಾಸಿಟಿವ್–ನೆಗೆಟಿವ್ ಕ್ಷಣಮಾತ್ರ ಅದಲುಬದಲಾಗಿ ಕಿಡಿ ಹಾರಿದ್ದರೆ ಅದನ್ನು ಮೆಕ್ಯಾನಿಕ್ಕಿಗೆ ಮುಚ್ಚಿಡದೆ ಹೇಳಿ. ಸುಟ್ಟ ಫ್ಯೂಸಿನ ಜಾಗಕ್ಕೆ ಅಷ್ಟೇ ಆಂಪಿಯರಿನದನ್ನು ಹಾಕಿಸಿ ಕಾರು ಸ್ಟಾರ್ಟ್ ಆದ ಮೇಲೂ, ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಮೇಲೆ 13.8ರಿಂದ 14.5 ವೋಲ್ಟ್ ಬರುತ್ತಿದೆಯೇ ಎಂದು ಅಳೆಯಿಸಿ. ಬಾರದಿದ್ದರೆ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರಿನ ಡಯೋಡ್‌ಗಳಿಗೂ ಪೆಟ್ಟಾಗಿರಬಹುದು, ಅದನ್ನು ಬಿಚ್ಚಿಸಿ ಪರೀಕ್ಷಿಸಬೇಕು.