ಬ್ರೇಕ್ ಒತ್ತುವ ಮೊದಲೇ ಕಾಲಿನ ಸ್ನಾಯುವಿನಿಂದ ಅದು ತಿಳಿಯುತ್ತದಾ?

ಚಾಲಕ ಬ್ರೇಕ್ ಒತ್ತುವ ಮುಂಚೆಯೇ ಅವನ ಸ್ನಾಯುವಿನಿಂದ ಅದನ್ನು ತಿಳಿಯಬಹುದಾ, ತಿಳಿದರೆ ಅಪಘಾತ ತಪ್ಪುತ್ತದಾ ಎಂದು ಕೇಳಿದ್ದೀರಿ. ತಿಳಿಯಬಹುದು. ಆದರೆ ಸಿಗುವುದು ಸೆಕೆಂಡಿನ ಒಂದು ಚೂರು. ಅಷ್ಟರಲ್ಲಿ ಕಾರು ಏನು ಮಾಡಬೇಕು ಅನ್ನುವುದೇ ಕಷ್ಟದ ಪ್ರಶ್ನೆ.

ಮೊಣಕಾಲಿನ ಕೆಳಗೆ, ಮುಂದಿನ ಮೂಳೆಯ ಹೊರಬದಿಗೆ ಕೈ ಇಟ್ಟು ಪಾದದ ತುದಿಯನ್ನು ಮೇಲಕ್ಕೆತ್ತಿ ನೋಡಿ. ಅಲ್ಲಿ ಸ್ನಾಯು ಗಟ್ಟಿಯಾಗುತ್ತದೆ, ಅಲ್ವಾ? ಆಕ್ಸಿಲರೇಟರ್‌ನಿಂದ ಕಾಲು ತೆಗೆಯುವಾಗ ಕೆಲಸ ಮಾಡುವುದು ಇದೇ. ಸ್ನಾಯು ಬಿಗಿಯಾಗುವ ಮೊದಲು ಅದರಲ್ಲಿ ತುಂಬಾ ಸಣ್ಣ ವಿದ್ಯುತ್ ಏಳುತ್ತದೆ. ಚರ್ಮದ ಮೇಲೆ ಎಲೆಕ್ಟ್ರೋಡ್ ಅಂಟಿಸಿ ಅದನ್ನು ಅಳೆಯುವುದೇ ಇಎಂಜಿ. ಬಲ ಹುಟ್ಟುವುದು ಹತ್ತಾರು ಮಿಲಿಸೆಕೆಂಡ್ ಆದ ಮೇಲೆ. ಆಮೇಲೆ ಪಾದ ಎದ್ದು, ಪಕ್ಕಕ್ಕೆ ಸರಿದು, ಬ್ರೇಕ್ ಮೇಲೆ ಇಳಿಯಬೇಕು. ಅಲ್ಲಿಯವರೆಗೆ ಬ್ರೇಕ್ ಪೆಡಲ್‌ಗೆ ಏನೂ ಗೊತ್ತಿರುವುದಿಲ್ಲ.

ಬರ್ಲಿನ್‌ನ ಸಂಶೋಧಕರು 2011ರಲ್ಲಿ ಇದರ ಒಂದು ಒಳ್ಳೆಯ ಪ್ರಯೋಗ ಪ್ರಕಟಿಸಿದರು. 18 ಜನ ಸಿಮ್ಯುಲೇಟರ್‌ನಲ್ಲಿ, ಅಂದರೆ ಪರದೆಯ ಮುಂದೆ ಕೂತು ಓಡಿಸುವ ನಕಲಿ ಕಾರಿನಲ್ಲಿ, ಒಂದು ಕಾರಿನ ಹಿಂದೆ ಹೋಗುತ್ತಿದ್ದರು. ಮುಂದಿನ ಕಾರು ಆಗಾಗ ಥಟ್ಟನೆ ಬ್ರೇಕ್ ಹಾಕುತ್ತಿತ್ತು. ತಲೆಯ ಇಇಜಿ (ಮೆದುಳಿನ ವಿದ್ಯುತ್ತಿನ ಅಳತೆ), ಕಾಲಿನ ಇಎಂಜಿ ಎರಡನ್ನೂ ಸೇರಿಸಿ ನೋಡಿದಾಗ ಪೆಡಲ್‌ಗಿಂತ ಸುಮಾರು 130 ಮಿಲಿಸೆಕೆಂಡ್ ಮೊದಲೇ ತುರ್ತು ಬ್ರೇಕಿನ ಸುಳಿವು ಸಿಕ್ಕಿತು. ಗಂಟೆಗೆ 100 ಕಿ.ಮೀ. ವೇಗದಲ್ಲಿ ಅದು ಮೂರೂವರೆ ಮೀಟರ್‌ಗಿಂತ ಜಾಸ್ತಿ ದೂರ. ರಸ್ತೆ ದಾಟುತ್ತಿರುವ ಒಂದು ಜೀವ ಉಳಿಯಲು ಅಷ್ಟು ಜಾಗ ಸಾಕಾಗಬಹುದು. ಹಾಗಾಗಿಯೇ ನನಗೆ ಈ ಕೆಲಸದ ಮೇಲೆ ಇಷ್ಟು ಆಸೆ.

ತೊಡಕೂ ಇದೆ. ಪಾದ ಏಳುತ್ತಿದೆ ಎಂದು ಸ್ನಾಯು ಹೇಳುತ್ತದೆ, ಯಾಕೆ ಎಂದು ಹೇಳುವುದಿಲ್ಲ. ಜೋಮು ಹಿಡಿದ ಕಾಲನ್ನು ಸುಮ್ನೆ ಸರಿಸಿದರೂ ಸಿಗ್ನಲ್ ಬರುತ್ತದೆ. ಅದನ್ನೇ ನಂಬಿ ಕಾರು ಗಕ್ಕನೆ ನಿಂತರೆ ಹಿಂದಿನ ಗಾಡಿ ಬಂದು ಗುದ್ದುತ್ತದೆ. ಬೆವರು, ಕೂದಲು, ಗಾಡಿಯ ಅಲುಗಾಟ ಇವೂ ಸಿಗ್ನಲ್ ಕೆಡಿಸುತ್ತವೆ. ದಿನಾ ಬೆಳಿಗ್ಗೆ ಕಾಲಿಗೆ ಎಲೆಕ್ಟ್ರೋಡ್ ಅಂಟಿಸಿಕೊಂಡು ಆಫೀಸಿಗೆ ಹೊರಡುವವರು ಯಾರು?

ಆದ್ದರಿಂದ ಸ್ನಾಯುವಿನ ಮಾತೊಂದನ್ನೇ ನಂಬಿ ಕಾರು ತಾನೇ ಬ್ರೇಕ್ ಹಾಕಬಾರದು, ಬ್ರೇಕನ್ನು ತಯಾರು ಮಾಡಿಟ್ಟರೆ ಸಾಕು ಅನ್ನುವುದು ನನ್ನ ಅಭಿಪ್ರಾಯ. ಬ್ರೇಕ್ ಪ್ಯಾಡನ್ನು ಡಿಸ್ಕಿನ ಹತ್ತಿರ ತಂದಿಡುವುದು, ಸೀಟ್ ಬೆಲ್ಟಿನ ಸಡಿಲ ಎಳೆದುಕೊಳ್ಳುವುದು, ಇಷ್ಟೇ. ಸುಳಿವು ಸುಳ್ಳಾದರೂ ನಷ್ಟವಿಲ್ಲ. ಮುಂದೆ ಅಡ್ಡಿ ಇದೆ ಎಂದು ರಾಡಾರ್ ಅಥವಾ ಕ್ಯಾಮೆರಾ ಕೂಡ ಹೇಳಿದರೆ ಮಾತ್ರ ಮುಂದಿನ ಹೆಜ್ಜೆ. 1996ರಲ್ಲಿ ಮರ್ಸಿಡಿಸ್ ತಂದ ಬ್ರೇಕ್ ಅಸಿಸ್ಟ್ ಕೂಡ ಚಾಲಕನ ಉದ್ದೇಶವನ್ನೇ ಊಹಿಸುತ್ತಿತ್ತು. ಪೆಡಲ್ ಎಷ್ಟು ಬೇಗ ಕೆಳಗೆ ಹೋಯಿತು ಎಂದು ನೋಡಿ, ತುರ್ತು ಅನಿಸಿದರೆ ಪೂರ್ತಿ ಬ್ರೇಕ್ ಬಲ ಕೊಡುತ್ತಿತ್ತು.

ನೀವು ಇದನ್ನು ಕಾಲೇಜು ಪ್ರಾಜೆಕ್ಟ್ ಮಾಡುವುದಾದರೆ ನಿಜವಾದ ರಸ್ತೆಗೆ ಇಳಿಯಬೇಡಿ, ಸಿಮ್ಯುಲೇಟರ್ ಸಾಕು. ಸೆಕೆಂಡಿಗೆ ಕನಿಷ್ಠ 1000 ಸಲ ಅಳೆಯಿರಿ. ತುರ್ತು ಬ್ರೇಕಿಗಿಂತ ಮಾಮೂಲಿ ಓಡಾಟವನ್ನೇ ಜಾಸ್ತಿ ರೆಕಾರ್ಡ್ ಮಾಡಿ. ಸುಳ್ಳು ಎಚ್ಚರಿಕೆ ಎಷ್ಟು ಬರುತ್ತದೆ ಅನ್ನುವುದು ಅಲ್ಲೇ ಗೊತ್ತಾಗುವುದು.