ತಮ್ಮನಿಗೆ ಸ್ಕಿಜೋಫ್ರೇನಿಯಾ ಇದೆ, ಸರ್ಟಿಫಿಕೇಟ್ ಕೊಟ್ಟರೆ ಶಿಕ್ಷೆ ತಪ್ಪುತ್ತದೆಯೇ?

ತಪ್ಪುವುದಿಲ್ಲ ಅಕ್ಕಾರ. ನಿಮ್ಮ ತಮ್ಮನದು ಕೊಲೆ ಯತ್ನದ ಕೇಸು, ಬಾಗಲಕೋಟೆ ಸೆಷನ್ಸ್ ಕೋರ್ಟು, ಅಪರಾಧಿ ಅಂತ ಆಗಿಹೋಗಿದೆ, ಶಿಕ್ಷೆ ಹೇಳುವುದೊಂದು ಬಾಕಿ. ನಾವೂ ಕೋರ್ಟಿನ ಕಟ್ಟೆ ಮೇಲೆ ಹೀಗೇ ಕೂತವರು, ಅದಕ್ಕೆ ಸುತ್ತಿ ಬಳಸದೆ ಹೇಳುತ್ತೇನೆ: ಸರ್ಟಿಫಿಕೇಟಿನ ಬೆನ್ನು ಬಿಡಿ. ಅಂಗವಿಕಲರ ಕಾರ್ಡಿನಲ್ಲಿ ಬರೆದ 40 ಪರ್ಸೆಂಟು ಇವತ್ತಿನ ಸ್ಥಿತಿ ಹೇಳುತ್ತದೆ ಅಷ್ಟೇ, ಹೊಡೆದ ದಿನದ್ದಲ್ಲ.

ಇಂಥ ಕೇಸು ಕೆಡುವುದು ಹೆಚ್ಚಾಗಿ ಒಂದೇ ಕಡೆ. ಹೊಡೆಯುವ ಹೊತ್ತಿಗೆ ಕಾಯಿಲೆಯಿಂದಾಗಿ ಮಾಡುತ್ತಿರುವುದರ ಅರಿವೇ ಇರಲಿಲ್ಲ, ಅಥವಾ ಅದು ತಪ್ಪೆಂದು ತಿಳಿಯುವ ಶಕ್ತಿ ಇರಲಿಲ್ಲ ಎಂದು ತೋರಿಸಿದರೆ ಅದು ಅಪರಾಧವೇ ಅಲ್ಲ; ಅಪರಾಧಗಳ ಕಾಯ್ದೆಯಲ್ಲಿ ಹಳೆಯ ಐಪಿಸಿ 84ನೇ ಕಲಂ, ಈಗಿನ ಬಿಎನ್‌ಎಸ್ 22. ತೋರಿಸುವ ಹೊಣೆ ಆರೋಪಿಯದೇ, ಹೀಗಾಗಿ ಬಹಳ ಸಲ ಆ ವಾದ ಬಿದ್ದುಹೋಗುತ್ತದೆ. ಬಿದ್ದಕೂಡಲೇ ವಕೀಲರು ಕಾಯಿಲೆಯ ಮಾತೇ ಮುಗಿಯಿತು ಅಂದುಕೊಳ್ಳುತ್ತಾರೆ. ಮುಗಿದಿರುವುದಿಲ್ಲ. ಶಿಕ್ಷೆ ಎಷ್ಟು ಎಂಬುದಕ್ಕೆ ಬೇರೆಯೇ ವಿಚಾರಣೆ ಇದೆ, ಕೋರ್ಟು ನಡೆಸುವ ವಿಧಾನದ ಕಾಯ್ದೆಯಲ್ಲಿ: ಬಿಎನ್‌ಎಸ್‌ಎಸ್ 258(2), ಹಳೆಯ ಸಿಆರ್‌ಪಿಸಿ 235(2). ಅರಿವು ಪೂರ್ತಿ ಹೋಗಿರಬೇಕೆಂಬ ಕಟ್ಟುನಿಟ್ಟು ಅಲ್ಲಿಲ್ಲ; ಕಾಯಿಲೆ ಅವನ ಸಂಶಯ, ಸಿಟ್ಟನ್ನು ಎಷ್ಟು ಏರಿಸಿತ್ತು ಎಂಬುದನ್ನೂ ಹೇಳಬಹುದು. ಆ ಹೊತ್ತಿಗೆ ವಕೀಲರು ಎದ್ದು 'ಬಡವ ಇದಾನ್ರಿ, ಮನಿಗೆ ಅವನ ಆಧಾರ, ದಯಾ ತೋರಿಸ್ರಿ' ಎಂದು ಕೂತುಬಿಟ್ಟರೆ ಆದೇಶದಲ್ಲೂ ಅಷ್ಟೇ ಬರುತ್ತದೆ. ಮುಂದೆ ಹೈಕೋರ್ಟಿನ ಧಾರವಾಡ ಪೀಠಕ್ಕೆ ಅಪೀಲು ಹೋದಾಗ ಫೈಲಿನಲ್ಲಿ ಕಾಯಿಲೆಯ ಒಂದು ಚೀಟಿಯೂ ಇರುವುದಿಲ್ಲ.

ಆದ್ದರಿಂದ ಶಿಕ್ಷೆಯ ಬಗ್ಗೆ ದಾಖಲೆ ಕೊಡಲು ಸಮಯ ಬೇಕೆಂದು ಇವತ್ತೇ ಅರ್ಜಿ ಹಾಕಿಸಿ. ತಾಲೂಕಾ ಆಸ್ಪತ್ರೆಯ ಮನೋಚೈತನ್ಯ (ಮಾನಸಿಕ ಕಾಯಿಲೆಯ) ಕ್ಲಿನಿಕ್ಕಿನ ಚೀಟಿ, ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ನ ಕಾಗದ, ಔಷಧಿ ಅಂಗಡಿ ಬಿಲ್ಲು, ಎಲ್ಲ ತಾರೀಖಿನ ಪ್ರಕಾರ ಜೋಡಿಸಿ. ಗುಳಿಗೆ ಬಿಟ್ಟ ತಿಂಗಳನ್ನು ಮುಚ್ಚಿಡಬೇಡಿ. ಘಟನೆ ಆ ಸಂದಿನಲ್ಲೇ ಬಿದ್ದಿದ್ದರೆ ನಿಮ್ಮ ಗಟ್ಟಿ ಆಧಾರ ಅದೇ.

ಡಾಕ್ಟರ ಪತ್ರ 'ಸ್ಕಿಜೋಫ್ರೇನಿಯಾ ಇದೆ' ಎಂಬ ಒಂದು ಸಾಲಿನದಾದರೆ ಕೆಲಸಕ್ಕೆ ಬಾರದು. ಯಾವಾಗಿನಿಂದ, ಯಾವ ಔಷಧಿ, ಎಷ್ಟು ಮಿ.ಗ್ರಾಂ., ನಿಂತರೆ ಏನಾಗುತ್ತದೆ, ತಪ್ಪದೆ ತಗೊಂಡಾಗ ಹೇಗಿರುತ್ತಾನೆ, ಇಷ್ಟೂ ಬರಬೇಕು. ಕ್ಲೋಜಪಿನ್ (ಸ್ಕಿಜೋಫ್ರೇನಿಯಾದ ಒಂದು ಔಷಧಿ) ಇದ್ದರೆ ಇನ್ನೊಂದೂ ಬರಲಿ: 48 ತಾಸಿಗಿಂತ ಹೆಚ್ಚು ತಪ್ಪಿದರೆ ಹಳೆಯ ಡೋಸು ನೇರ ಕೊಡುವಂತಿಲ್ಲ, 12.5 ಮಿ.ಗ್ರಾಂ.ನಿಂದ ಮತ್ತೆ ಏರಿಸಬೇಕು. ಬಿಳಿ ರಕ್ತಕಣದ ಪರೀಕ್ಷೆಯೂ ನಿಲ್ಲಬಾರದು. ಬೆಳಗಾವಿಯ ಹಿಂಡಲಗಾ ಜೈಲಿರಲಿ, ವಿಜಯಪುರದ ದರ್ಗಾ ಜೈಲಿರಲಿ, ಸಾಗಿಸುವ ಗದ್ದಲದಲ್ಲಿ ಎರಡು ದಿನ ತಪ್ಪುವುದು ದೊಡ್ಡ ಮಾತಲ್ಲ.

ಕಾಯಿಲೆ ಜೋರಿದೆ ಎಂದಷ್ಟೇ ಹೇಳಿದರೆ ತಿರುಗುಬಾಣವಾಗುತ್ತದೆ; ಹೊರಗೆ ಬಂದರೆ ಮತ್ತೆ ಹೊಡೆದಾನು ಎಂಬ ಅಂಜಿಕೆ ಶಿಕ್ಷೆಯನ್ನೇ ಹೆಚ್ಚಿಸೀತು. ಗುಳಿಗೆ ಯಾರು ಕೊಡುತ್ತಾರೆ, ಯಾವ ಕ್ಲಿನಿಕ್ಕು, ಪೆಟ್ಟು ತಿಂದವರ ಓಣಿಯಿಂದ ದೂರ ಎಲ್ಲಿ ಇಡುತ್ತೀರಿ ಎಂದು ನೀವೇ ಅಫಿಡವಿಟ್ ಕೊಡಿ.

ಪ್ರೊಬೇಷನ್ (ಜೈಲಿಗೆ ಹಾಕದೆ ಒಳ್ಳೆಯ ನಡತೆಯ ಮುಚ್ಚಳಿಕೆ ಮೇಲೆ ಬಿಡುವುದು) ಸಿಗುತ್ತದೆಂದು ಯಾರಾದರೂ ಆಸೆ ಹಚ್ಚಿದರೆ ನಂಬಬೇಡಿ. ಗಾಯವಾದ ಕೊಲೆ ಯತ್ನಕ್ಕೆ ಜೀವಾವಧಿವರೆಗೂ ಇದೆ, 1958ರ ಪ್ರೊಬೇಷನ್ ಕಾಯ್ದೆಯ 4ನೇ ಕಲಂ ಅಲ್ಲಿ ಹತ್ತುವುದಿಲ್ಲ. ಆದರೆ ಕನಿಷ್ಠ ಇಷ್ಟು ಎಂಬ ಕಟ್ಟೂ ಇಲ್ಲ, ಇಳಿಸಲು ಜಾಗ ಇದೆ. ಜೈಲಿನಲ್ಲಿ ಚಿಕಿತ್ಸೆ ಮುಂದುವರಿಸಬೇಕೆಂದು ಆದೇಶದಲ್ಲೇ ಬರೆಸಲು ಕೇಳಿ. ಬೇಕಾದರೆ ಮಾನಸಿಕ ಆಸ್ಪತ್ರೆಗೆ ಸಾಗಿಸುವ ದಾರಿ 2017ರ ಮಾನಸಿಕ ಆರೋಗ್ಯ ಕಾಯ್ದೆಯ 103ನೇ ಕಲಮಿನಲ್ಲಿದೆ. ಫೀಸಿಗೆ ದುಡ್ಡಿಲ್ಲದಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ, ಕಸ್ಟಡಿಯಲ್ಲಿದ್ದವರಿಗೆ ಸರ್ಕಾರಿ ವಕೀಲಿ ನೆರವು ಪುಕ್ಕಟೆ.