ದಾಸವಾಳದ ಕುಂಡದಲ್ಲಿ ನಮ್ಮ ಹೊದಿಕೆ

ಮುಂಬಯಿಯ ಚೆಂಬೂರಿನ ಓದುಗರೊಬ್ಬರ ಪತ್ರದ ಸಾರ: ‘ನಿಮ್ಮ ದೀಪಾವಳಿ ವಿಶೇಷಾಂಕದ ಪ್ಲಾಸ್ಟಿಕ್ ಹೊದಿಕೆಯ ಮೇಲೆ “ಮಣ್ಣಿನಲ್ಲಿ ಕರಗುತ್ತದೆ” ಎಂದು ಮುದ್ರಿಸಿದ್ದಿರಿ. ನಂಬಿ ಬಾಲ್ಕನಿಯ ದಾಸವಾಳದ ಕುಂಡದಲ್ಲಿ ಹೂತೆ. ಹದಿನಾಲ್ಕು ತಿಂಗಳ ಮೇಲೆ ಮಣ್ಣು ಬದಲಿಸುವಾಗ ಹೊರಬಂತು. ನನ್ನ ಫ್ಲಾಟ್ ಸಂಖ್ಯೆಯನ್ನು ಈಗಲೂ ಓದಬಹುದು. ಕುಂಡದಲ್ಲೇ ಕರಗದ್ದು ದೇವನಾರಿನ ಕಸದ ಗುಡ್ಡದಲ್ಲಿ ಕರಗೀತೆ?’

ಉತ್ತರ: ನೀವು ಕಳುಹಿಸಿದ ತುಂಡು ನನ್ನ ಮೇಜಿನ ಮೇಲಿದೆ. ಒಂದು ಅಂಚು ಜಾಲರಿಯಂತೆ ಸವೆದಿದೆ, ಬೇರು ಹಾದ ಕಡೆ ತೂತು ಬಿದ್ದಿದೆ, ಉಳಿದಂತೆ ಗಟ್ಟಿಮುಟ್ಟು. ತಪ್ಪು ನಮ್ಮದೇ. ಹೊದಿಕೆ ಬಂದ ಪೆಟ್ಟಿಗೆಯ ಮೇಲೆ ‘ಕೈಗಾರಿಕಾ ಕಾಂಪೋಸ್ಟ್ ಘಟಕದಲ್ಲಿ ಮಾತ್ರ’ ಎಂಬ ಷರತ್ತಿತ್ತು. ಜಾಗ ಸಾಲದೆಂದು ಅದನ್ನು ಕತ್ತರಿಸಿ ‘ಮಣ್ಣಿನಲ್ಲಿ’ ಎಂದು ಮಾಡಿದವನು ನಾನು. ಲೇಖಕರ ವಾಕ್ಯಗಳನ್ನು ಮೊಟಕು ಮಾಡಿ ಮಾಡಿ ಕೈ ಪಳಗಿಬಿಟ್ಟಿದೆ.

ವಿಷಯವೆಲ್ಲ ಇರುವುದು ಆ ಷರತ್ತಿನಲ್ಲೇ. ಇಂಥ ಹಾಳೆಯಲ್ಲಿ ಸಾಮಾನ್ಯವಾಗಿ ಪಿಬಿಎಟಿ ಎಂಬ ಮೃದುವಾದ ಪಾಲಿಯೆಸ್ಟರ್, ಅದರೊಂದಿಗೆ ಪಿಎಲ್‌ಎ ಅಥವಾ ಪಿಷ್ಟ ಇರುತ್ತದೆ. ಪಿಎಲ್‌ಎ ಹುಟ್ಟುವುದು ಲ್ಯಾಕ್ಟಿಕ್ ಆಮ್ಲದಿಂದ, ನಿಮ್ಮ ಮನೆಯ ಮೊಸರನ್ನು ಹುಳಿ ಮಾಡುವ ಅದೇ ಆಮ್ಲ. ಆದರೆ ಆ ಅಣುಗಳು ಉದ್ದನೆಯ ಸರಪಳಿಯಾಗಿ ಹೆಣೆದುಕೊಂಡ ಮೇಲೆ ಸೂಕ್ಷ್ಮಾಣುಗಳ ಬಾಯಿಗೆ ಹಿಡಿಸದ ತುತ್ತು. ಮೊದಲು ನೀರು ಒಳಹೊಕ್ಕು ಸರಪಳಿಯನ್ನು ತುಂಡರಿಸಬೇಕು; ಆಮೇಲೆಯೇ ಆ ಚೂರುಗಳು ಬ್ಯಾಕ್ಟೀರಿಯಾಗಳಿಗೆ, ಶಿಲೀಂಧ್ರಗಳಿಗೆ ಊಟ. ಸುಮಾರು 60 ಡಿಗ್ರಿ ಸೆಲ್ಸಿಯಸ್ ತನಕ ಪಿಎಲ್‌ಎ ಬಿಗಿಯಾಗಿಯೇ ಇದ್ದು, ನೀರಿಗೆ ದಾರಿ ಬಿಡುವುದು ಬಹಳ ನಿಧಾನ. ‘ಕಾಂಪೋಸ್ಟ್ ಆಗುತ್ತದೆ’ ಎಂಬ ಪ್ರಮಾಣಪತ್ರದ ಪರೀಕ್ಷೆಯೂ ನಡೆಯುವುದು 58 ಡಿಗ್ರಿ ಬಿಸಿಯ, ತೇವವಿರುವ, ಗಾಳಿಯಾಡುವ ಗೊಬ್ಬರದಲ್ಲಿ: 180 ದಿನಗಳೊಳಗೆ ಹಾಳೆಯ ಇಂಗಾಲದ ಶೇ 90ರಷ್ಟು ಇಂಗಾಲದ ಡೈಆಕ್ಸೈಡ್ ಆಗಬೇಕು. ನಿಮ್ಮ ಕುಂಡ ಮೇ ತಿಂಗಳ ಚೆಂಬೂರಿನಲ್ಲೂ ಅಷ್ಟು ಬಿಸಿಯಾಗುವುದಿಲ್ಲ.

ದೇವನಾರಿನ ಕಥೆ ಬೇರೆ. 1927ರಿಂದ ಕಸ ಬೀಳುತ್ತಿರುವ ಆ ಗುಡ್ಡದ ಒಡಲಲ್ಲಿ ಬಿಸಿಯೇನೋ ಇದೆ, ಗಾಳಿಯಿಲ್ಲ. ಗಾಳಿಯಿಲ್ಲದೆಡೆ ಬದುಕುವ ಸೂಕ್ಷ್ಮಾಣುಗಳಿಗೆ ಪಿಬಿಎಟಿ ಅಷ್ಟಾಗಿ ದಕ್ಕುವುದಿಲ್ಲ. ದಕ್ಕಿದ ಪಿಷ್ಟವೂ ಮೀಥೇನ್ ಆಗಿ ಹೊರಬೀಳುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಶಾಖ ಹಿಡಿಯುವ ಅನಿಲ. ಹಾಗಾಗಿ ಅಲ್ಲಿ ಹೊದಿಕೆ ಕರಗಲಿ ಎಂದು ಹಾರೈಸುವುದಕ್ಕೇ ನನಗೆ ಹಿಂಜರಿಕೆ. ಪುರಾತತ್ತ್ವಜ್ಞ ವಿಲಿಯಂ ರಾಥ್ಜೆ ಮತ್ತು ಸಂಗಡಿಗರು ಅಮೆರಿಕದ ಕಸದ ಗುಡ್ಡೆಗಳನ್ನು ಅಗೆದಾಗ ದಶಕಗಳ ಹಿಂದಿನ ವೃತ್ತಪತ್ರಿಕೆಗಳು ಓದುವ ಸ್ಥಿತಿಯಲ್ಲೇ ಸಿಕ್ಕಿದ್ದವು. ಕಾಗದದ ಪಾಡೇ ಅದು. (ನಮ್ಮ ಸಂಪಾದಕೀಯಗಳಿಗೆ ಅಷ್ಟು ಆಯುಸ್ಸು ಬೇರೆಲ್ಲಿ ಸಿಕ್ಕೀತು!)

ಅಂಗಡಿಗಳಲ್ಲಿ ‘ಆಕ್ಸೋ’ ಎಂಬ ಇನ್ನೊಂದು ಜಾತಿಯ ಚೀಲ ಕಂಡರೆ ದೂರವಿರಿ. ಅದು ಲೋಹದ ಲವಣ ಬೆರೆಸಿದ ಪಾಲಿಥೀನ್. ಬಿಸಿಲಿಗೆ ಪುಡಿಯಾಗುತ್ತದೆ, ಇಲ್ಲವಾಗುವುದಿಲ್ಲ. ಐರೋಪ್ಯ ಒಕ್ಕೂಟ ಅದರ ಮಾರಾಟವನ್ನು 2021ರಿಂದ ನಿಲ್ಲಿಸಿದೆ.

ನಿಮ್ಮ ಬಳಿ ಉಳಿದ ತುಂಡುಗಳನ್ನು ಒಣಕಸಕ್ಕೆ ಹಾಕಬೇಡಿ. ಮಾಮೂಲಿ ಪ್ಲಾಸ್ಟಿಕ್ಕಿನೊಂದಿಗೆ ಬೆರೆತು ಮರುಬಳಕೆಯನ್ನು ಕೆಡಿಸುತ್ತವೆ. ಸೊಸೈಟಿಯಲ್ಲಿ ದೊಡ್ಡ ಗೊಬ್ಬರದ ರಾಶಿಯಿದ್ದು, ಒಳಗೆ ಕೈಯಿಟ್ಟರೆ ಸುಡುವಷ್ಟು ಕಾದಿದ್ದರೆ ಅಲ್ಲಿ ಸೇರಿಸಿ. ಕಚೇರಿಯ ಕಪಾಟಿನಲ್ಲಿ ಮಿಕ್ಕ ಹೊದಿಕೆಗಳು ತಕ್ಕ ಘಟಕವೊಂದು ಸಿಗುವವರೆಗೆ ಅಲ್ಲಿಯೇ ಇರುತ್ತವೆ. ಮುಂದಿನ ವಿಶೇಷಾಂಕ ಕಂದು ಕಾಗದದ ಪಟ್ಟಿ ಸುತ್ತಿಕೊಂಡು ಬರುತ್ತದೆ. ದೀಪಾವಳಿಯ ಹೊತ್ತಿಗೆ ಮಳೆ ಹಿಂದೆ ಸರಿದಿದ್ದರೆ ತೋಯದೆ ನಿಮ್ಮ ಮನೆ ತಲುಪೀತು.

– ಸಂ.